ನೀಲಾಂಬಿಕಾ ನಂಬದ ತಿಳಿನೀರು

ನಾಲ್ಕಕ್ಕೆ ಏಳುವುದು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಮೂರೂವರೆಗೆ. ಎರಡು ಡ್ರಮ್ಮು, ಆರು ಕೊಡ ತುಂಬಿಸುವುದು. ಕುಡಿಯುವ ನೀರಿನ ಕೊಡದಲ್ಲಿ ಪಟಿಕದ ಕಲ್ಲನ್ನು ಏಳು ಸುತ್ತು ತಿರುಗಿಸಿ, ಅಲುಗಾಡದಂತೆ ಮುಚ್ಚಿಡುವುದು. ವಠಾರದ ಎಂಟು ಮನೆಗೆ ಇರುವ ಒಂದೇ ಕಕ್ಕಸನ್ನು, ಇವತ್ತು ಯಾರ ಪಾಳಿ ಎಂದು ಕೇಳದೆ ತೊಳೆದು ಬರುವುದು. ಹಿಂದಿನ ಸಂಜೆ ವೆಂಕಟಮ್ಮನ ಹತ್ತಿರ ಕೊಂಡ ದಂಟಿನ ಸೊಪ್ಪನ್ನು ಸೋಸಿ ತೊಳೆಯುವುದು, ಮತ್ತೊಮ್ಮೆ ತೊಳೆಯುವುದು. ಎಸರಿಟ್ಟು ಜೋಳದ ಹಿಟ್ಟು ನಾದುವುದು. ಗಂಡನಿಗೆ ಆರು ರೊಟ್ಟಿ, ಮಗಳಿಗೆ ಮೂರು, ತನಗೆ ಉಳಿದದ್ದು. ಬಕೆಟ್ಟಿನಲ್ಲಿ ನೀರು ಕಾಯಿಸುವ ಹೀಟರ್ ರಾಡಿಗೆ ಹತ್ತಿದ ಬಿಳಿ ಹೆಪ್ಪಳಿಕೆಯನ್ನು ಕೆರೆದು ತೆಗೆಯುವುದು. ಬೋರ್ವೆಲ್ ನೀರು, ವಾರ ಬಿಟ್ಟರೆ ರಾಡು ಕಬ್ಬಿನ ಗಿಣ್ಣಿನಷ್ಟು ದಪ್ಪವಾಗುತ್ತದೆ. ಗಂಡನ ಅಂಗಿಯ ಗುಂಡಿ. ಮಗಳ ಜಡೆಯ ರಿಬ್ಬನ್ನು. ಒಲೆ ಒರೆಸುವುದು. ಆಮೇಲೆ ಗಂಡನನ್ನು ಎಬ್ಬಿಸುವುದು; ಅದು ಸಣ್ಣ ಕೆಲಸವಲ್ಲ, ಮೂರು ಸಲ ಮಾಡಬೇಕು.

ಇಷ್ಟಾದ ಮೇಲೆ ಬೆಳಗಾಗುತ್ತದೆ. ಯಾರಾದರೂ ಕೇಳಿದರೆ ನೀಲಾಂಬಿಕಾ, "ನನ್ನ ಡ್ಯೂಟಿ ಏಳಕ್ಕ ಶುರು ಆಗತದ್ರಿ" ಎನ್ನುತ್ತಾಳೆ.

ಯಾದಗಿರಿ ಕಡೆಯಿಂದ ಪೀಣ್ಯಕ್ಕೆ ಬಂದು ಹನ್ನೊಂದು ವರ್ಷ. ಮೊದಲೆರಡು ವರ್ಷ ಕಟ್ಟಡದ ಕೆಲಸದಲ್ಲಿ ಮರಳು ಹೊತ್ತಳು. ಮೂರನೆಯ ವರ್ಷ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿರುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕಸ ಗುಡಿಸಲು ಸೇರಿದಳು. ಬೋಲ್ಟು ನಟ್ಟುಗಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಹಾಕುವ ಕಾರ್ಖಾನೆ ಅದು. ಲೇಪ ಹಾಕಿದ ಮೇಲೆ ಬೋಲ್ಟುಗಳನ್ನು ತೊಳೆಯುತ್ತಾರೆ. ತೊಳೆದ ನೀರಿನಲ್ಲಿ ಸತು ಕರಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಲೋಟದಲ್ಲಿ ಹಿಡಿದರೆ ಕುಡಿಯುವ ನೀರಿನ ಹಾಗೇ ಇರುತ್ತದೆ. ಅದನ್ನು ಹಾಗೇ ಹೊರಗೆ ಬಿಡುವಂತಿಲ್ಲ. ಕಾರ್ಖಾನೆಯ ಹಿಂಭಾಗದ ಶೆಡ್ಡಿನಲ್ಲಿ ಸಾವಿರ ಲೀಟರಿನ ಟ್ಯಾಂಕಿಗೆ ತುಂಬಿ, ಸುಣ್ಣದ ನೀರು ಬೆರೆಸಿ, ಕರಗಿದ್ದ ಸತುವನ್ನು ಬಿಳಿಯ ಗಷ್ಟು ಮಾಡಿ ತಳಕ್ಕೆ ಕೂರಿಸಬೇಕು. ಮೇಲಿನ ತಿಳಿಯನ್ನು ಹಿಂದಿನ ಮೋರಿಗೆ ಬಿಟ್ಟು, ತಳದ ಗಷ್ಟನ್ನು ಹಿಂಡಿ ಒಣಗಿಸಿ ಮೂಟೆ ಕಟ್ಟಬೇಕು. ಆ ಶೆಡ್ಡಿಗೆ ಎಲ್ಲರೂ ಇಟಿಪಿ ಎನ್ನುತ್ತಾರೆ. ನಾತದ ಜಾಗ. ಆದ್ದರಿಂದ ಕಸ ಗುಡಿಸುವವಳನ್ನು ಅಲ್ಲಿಗೆ ಹಾಕಿದ್ದರು.

ಅಲ್ಲಿ ಸೋಮಪ್ಪ ಎಂಬ ಆಪರೇಟರ್ ಇದ್ದ. ಕಲಿಸಬೇಕೆಂದು ಕಲಿಸಿದವನಲ್ಲ, ಬೀಡಿ ಸೇದಲು ಹೋಗಬೇಕಾದಾಗ ಕಲಿಸಿದ. ಒಮ್ಮೆ ಸುಣ್ಣ ಮುಗಿದು, ಅದರ ಬದಲು ಕಾಸ್ಟಿಕ್ ಸೋಡಾದ ದ್ರಾವಣ ಸುರಿದಿದ್ದ. ಬಿಳಿಯ ಮೋಡ ಎದ್ದಿತು. ಅವನು ಮಾತಿನಲ್ಲಿ ಮೈಮರೆತು ಇನ್ನಷ್ಟು ಸುರಿದ. ಎದ್ದ ಮೋಡ ಕಣ್ಣೆದುರಿಗೇ ಕರಗಿ ನೀರು ತಿಳಿಯಾಯಿತು.

"ಚಂದ ಆತಲ್ರಿ ಅಣ್ಣಾ" ಎಂದಿದ್ದಳು ಅವಳು.

"ಏನ್ ಚಂದ? ಗಷ್ಟು ತಳಕ್ಕ ಕೂತು ತಿಳಿ ಆದ್ರ ಅದು ತಿಳಿ. ಗಷ್ಟೇ ಇಲ್ಲದ ತಿಳಿ ಕಂಡಿ ಅಂದ್ರ, ಹೊಲಸೆಲ್ಲ ಒಳಗೇ ಕುಂತದ ಅಂತ ತಿಳಕೋ. ಸ್ವಲ್ಪ ಆಸಿಡ್ ಕೊಡು, ಮತ್ತ ಹೊರಗ ಬರತದ."

ಬಂತು. ಆ ಹೊತ್ತಿನಿಂದ ಅವಳು ತಿಳಿನೀರನ್ನು ನೋಡಿದ ಕೂಡಲೇ ನಂಬುವುದನ್ನು ಬಿಟ್ಟಳು.

ಸೋಮಪ್ಪ ಊರಿಗೆ ಹೋದ ಮೇಲೆ ಎರಡು ವರ್ಷ ಆ ಶೆಡ್ಡನ್ನು ನಡೆಸಿದ್ದು ನೀಲಾಂಬಿಕಾ ಒಬ್ಬಳೇ. ಹಾಜರಿ ಕಾರ್ಡಿನಲ್ಲಿ ಮಾತ್ರ 'ಹೆಲ್ಪರ್'. ಯಾರಿಗೆ ಹೆಲ್ಪರ್ ಎಂದು ಕೇಳಬೇಕು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದೆ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಇಲ್ಲಿಗೆ ಮ್ಯಾನೇಜರ್ ಆಗಿ ಬಂದಿದ್ದ ರಾಮಪ್ರಸಾದರನ್ನು ಅವಳು ಎರಡು ಸಲ ಕೇಳಿದ್ದಳು. "ನೋಡೋಣಮ್ಮ, ಆಪರೇಟರ್ ಪೋಸ್ಟಿಗೆ ಏನಾದ್ರೂ ಮಾಡೋಣ" ಎಂದಿದ್ದರು. ಮೂರನೆಯ ಸಲ ಕೇಳುವಷ್ಟರಲ್ಲಿ ಆ ಪೋಸ್ಟಿಗೆ ಶರಣ್ಯ ಬಂದಳು.

ಬಿಎಸ್ಸಿ ಮಾಡಿದ ಹುಡುಗಿ, ಇಪ್ಪತ್ತಮೂರು ವರ್ಷ, ದಾಸರಹಳ್ಳಿಯಿಂದ ಸ್ಕೂಟಿಯಲ್ಲಿ ಬರುತ್ತಾಳೆ. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಮೊದಲ ದಿನವೇ "ಅಕ್ಕ, ನಂಗೇನೂ ಗೊತ್ತಿಲ್ಲ, ನೀವೇ ಹೇಳ್ಕೊಡಬೇಕು" ಎಂದು ಕೈ ಹಿಡಿದಳು. ಆ ಕೈ ಹತ್ತಿಯ ಹಾಗಿತ್ತು. ನೀಲಾಂಬಿಕಾ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡಳು. ಸುಣ್ಣ ತಿಂದ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಶರಣ್ಯಳಿಗೆ ಕುರ್ಚಿ ಬಂತು. ಮೇಜು ಬಂತು. ಫ್ಯಾನು ಬಂತು. ಇವಕ್ಕೆ ನೀಲಾಂಬಿಕಾಳ ಹೊಟ್ಟೆ ಉರಿಯಲಿಲ್ಲವೆಂದಲ್ಲ, ಆದರೆ ಆ ಉರಿಯನ್ನು ನುಂಗಬಹುದಿತ್ತು. ನುಂಗಲಾಗದ್ದು ಬೇರೆ. ಒಂದು ದಿನ ಊಟದ ಹೊತ್ತಿನಲ್ಲಿ ಶರಣ್ಯ ಡಬ್ಬಿ ತೆರೆಯುತ್ತ, ಅದರೊಳಗೆ ಏನಿದೆ ಎಂದು ತನಗೇ ಗೊತ್ತಿಲ್ಲದೆ ಇಣುಕಿ ನೋಡಿದಳು.

"ಅಯ್ಯೋ, ಇವತ್ತೂ ಪಲಾವ್ ಹಾಕ್ಬಿಟ್ಟಿದ್ದಾರೆ ಅಮ್ಮ."

"ನೀವು ನೋಡಿಲ್ಲೇನ್ರಿ ಮೇಡಂ, ಏನ್ ಹಾಕ್ಯಾರಂತ?"

"ನಾನು ಏಳೋದೇ ಏಳೂಕಾಲಿಗೆ ಅಕ್ಕ. ಸ್ನಾನ ಮಾಡಿ ಬರೋಷ್ಟರಲ್ಲಿ ಬ್ಯಾಗ್ ರೆಡಿ ಇರುತ್ತೆ."

ಏಳೂಕಾಲು. ಆ ದಿನವೆಲ್ಲ ನೀಲಾಂಬಿಕಾಳ ತಲೆಯಲ್ಲಿ ಅದೇ ತಿರುಗಿತು. ನಾಲ್ಕರಿಂದ ಏಳೂಕಾಲು ಎಂದರೆ ಮೂರೂಕಾಲು ಗಂಟೆ. ಒಂದು ದಿನವಲ್ಲ, ಎಲ್ಲ ದಿನ. ಡಬ್ಬಿಯೊಳಗೆ ಏನಿದೆ ಎಂದು ಗೊತ್ತಿಲ್ಲದೆ ಅದನ್ನು ತೆರೆಯುವ ಸುಖ ತನಗೆ ಎಂದಾದರೂ ಸಿಕ್ಕಿತ್ತೇ ಎಂದು ನೆನೆದು ನೋಡಿದಳು. ಹೆರಿಗೆಯಾದಾಗ ತವರಿನಲ್ಲಿ ಹದಿನಾರು ದಿನ. ಅಷ್ಟೇ. ಮರುದಿನ ನಸುಕಿನಲ್ಲಿ, ಹತ್ತನೇ ತರಗತಿಯ ಮಗಳು ಶಿವಗಂಗಾ ಬಾಯಿ ತೆರೆದುಕೊಂಡು ಮಲಗಿದ್ದನ್ನು ನೋಡಿದಾಗ, ಹುಡುಗಿ ಓದಬೇಕು ಮಲಗಲಿ ಎಂದು ತಾನೇ ಬಿಟ್ಟ ಆ ನಿದ್ದೆಯ ಮೇಲೂ ಸಣ್ಣಗೆ ಉರಿ ಎದ್ದಿತು. ನಾಚಿಕೆಯಾಗಿ, ಹೊದಿಕೆ ಸರಿಮಾಡಿ ಒಲೆಯ ಕಡೆ ಹೋದಳು.

ಶರಣ್ಯ ಕೇಳಿದ್ದಕ್ಕೆಲ್ಲ ಅವಳು ಹೇಳಿಕೊಟ್ಟಳು.

"ಬಿಳೀ ಮೋಡ ಕೂಡಬೇಕ್ರಿ ನೀರಾಗ. ಒಡದ ಹಾಲಿನಂಗ ಬ್ಯಾಡ, ಹೆಪ್ಪು ಹತ್ತೋ ಮೊಸರಿನಂಗ. ಅಷ್ಟಾತಂದ್ರ ಕೈ ನಿಲ್ಲಸಬೇಕು. ಆಮ್ಯಾಲ ಗಷ್ಟು ಗಂಟು ಕಟ್ಟಿಸೋ ಪಾಲಿ ನೀರು ಹಾಕಿ, ರೊಟ್ಟಿ ತಿರುವಿದಂಗ ಸಾವಕಾಶ ತಿರುವಬೇಕು. ಜೋರು ತಿರುವಿದ್ರ ಗಷ್ಟು ಒಡೀತದ, ಕೂಡಂಗಿಲ್ಲ."

"ನಿಲ್ಲಿ ನಿಲ್ಲಿ ಅಕ್ಕ, ಬರ್ಕೋತೀನಿ. ಎಷ್ಟ್ ನಿಮಿಷ ಬಿಡ್ಬೇಕು?"

"ಒಂದು ಚಾ ಕುಡದು, ಲೋಟ ತೊಳದು ಬರೋತನ."

ಮುಂದಿನ ವಾರ ಶೆಡ್ಡಿನ ಗೋಡೆಗೆ ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿತ್ತು. ಇಂಗ್ಲಿಷಿನಲ್ಲಿ. ಕೆಳಗೆ ಶರಣ್ಯಳ ಹೆಸರು. ಅರ್ಥವಾಗದಿದ್ದರೂ ಅಂಕಿಗಳು ಗೊತ್ತಾಗುತ್ತವೆ. 'ಇಪ್ಪತ್ತು' ಎಂದಿತ್ತು. ಚಾ ಕುಡಿದು ಲೋಟ ತೊಳೆದು ಬರುವ ಹೊತ್ತು ಇಪ್ಪತ್ತು ನಿಮಿಷ. ರಾಮಪ್ರಸಾದರು ಕನ್ನಡಕ ಏರಿಸಿ ಓದಿದರು.

"ವೆರಿ ಗುಡ್ ಕಣಮ್ಮ. ಇಷ್ಟು ವರ್ಷ ಇಲ್ಲೊಂದು ಸಿಸ್ಟಮ್ಮೇ ಇರ್ಲಿಲ್ಲ." ಆಮೇಲೆ ನೀಲಾಂಬಿಕಾಳ ಕಡೆ ತಿರುಗಿದರು. "ನೋಡಮ್ಮ, ಇನ್ಮೇಲೆ ಮೀಟರ್ ಗೀಟರ್ ಎಲ್ಲಾ ಮೇಡಂ ನೋಡ್ಕೋತಾರೆ. ನೀನು ಮುಟ್ಬೇಡ. ಕಾಸ್ಟ್ಲಿ ಐಟಮ್ಮು."

"ಹೂಂ ಸರ" ಎಂದಳು ನೀಲಾಂಬಿಕಾ.

ಮೀಟರ್ ಎಂದರೆ ಪಿಎಚ್ ಮೀಟರ್, ನೀರು ಹುಳಿಯೋ ಕ್ಷಾರವೋ ಎಂದು ಅಂಕಿಯಲ್ಲಿ ತೋರಿಸುವುದು. ಟ್ಯಾಂಕಿನೊಳಗೆ ಅದರದೊಂದು ಗಾಜಿನ ಕಡ್ಡಿ ಇಳಿಬಿಟ್ಟಿರುತ್ತದೆ. ಎರಡು ವರ್ಷ ಅವಳು ಬೆಳಿಗ್ಗೆ ಆರೂಮುಕ್ಕಾಲಿಗೆ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಆ ಕಡ್ಡಿಯನ್ನು ಎತ್ತಿ, ತೆಳು ಆಸಿಡ್ಡಿನಲ್ಲಿ ಅದ್ದಿ, ಮೆತ್ತನೆಯ ಬ್ರಷ್ಷಿನಿಂದ ತೊಳೆಯುವುದು. ಯಾರೂ ಹೇಳಿರಲಿಲ್ಲ. ಮನೆಯ ಹೀಟರ್ ರಾಡಿಗೆ ಹೆಪ್ಪಳಿಕೆ ಕಟ್ಟುವುದನ್ನು ನೋಡಿದವಳಿಗೆ ಇಲ್ಲೂ ಕಟ್ಟುತ್ತದೆ ಎಂದು ಹೊಳೆದಿತ್ತು. ಹೆಪ್ಪಳಿಕೆ ಕಟ್ಟಿದ ಕಡ್ಡಿ ನೀರಿನ ನಿಜ ಹೇಳುವುದಿಲ್ಲ. ಕ್ಷಾರ ಎಷ್ಟು ಏರಿದ್ದರೂ ಕಡಿಮೆಯೇ ತೋರಿಸುತ್ತದೆ. ಲ್ಯಾಮಿನೇಟ್ ಮಾಡಿದ ಹಾಳೆಯಲ್ಲಿ ಕಡ್ಡಿ ತೊಳೆಯುವ ಮಾತು ಇರಲಿಲ್ಲ. ಶರಣ್ಯ ಕೇಳಿರಲಿಲ್ಲ, ಏಕೆಂದರೆ ಅದು ನಡೆಯುತ್ತಿದ್ದ ಹೊತ್ತಿನಲ್ಲಿ ಅವಳು ಮಲಗಿರುತ್ತಿದ್ದಳು.

ಮುಟ್ಟಬೇಡ ಎಂದರಲ್ಲ, ಮುಟ್ಟಲಿಲ್ಲ.

ಮೊದಲ ದಿನ ಕೈ ತನ್ನಷ್ಟಕ್ಕೇ ಕಡ್ಡಿಯ ಕಡೆ ಹೋಗಿ ವಾಪಸು ಬಂತು. ನಾಲ್ಕನೆಯ ದಿನ ಗಾಜಿನ ಮೇಲೆ ತೆಳ್ಳನೆಯ ಮಸುಕು. ಎಂಟನೆಯ ದಿನಕ್ಕೆ ಅದು ಬೆಳ್ಳಗಾಯಿತು. ಅದನ್ನು ನೋಡುವುದರಲ್ಲಿ ಅವಳಿಗೊಂದು ಸುಖವಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಾನು ಒಂದು ಕೆಲಸ ಬಿಟ್ಟಿದ್ದಳು. ಬಿಟ್ಟಿದ್ದರಿಂದ ಆ ಕೆಲಸ ಕಣ್ಣಿಗೆ ಕಾಣತೊಡಗಿತ್ತು.

ಒಂದು ಸಂಜೆ ಶಿವಗಂಗಾ ಗಟ್ಟಿಯಾಗಿ ಓದುತ್ತಿದ್ದಳು. ಎರಡು ದ್ರಾವಣ ಬೆರೆತಾಗ ಕರಗದ ವಸ್ತು ಉಂಟಾಗಿ ತಳಕ್ಕೆ ಕೂರುತ್ತದೆ, ಅದನ್ನು ಪ್ರಕ್ಷೇಪ ಎನ್ನುತ್ತಾರೆ.

"ಏನಂದಿ? ಇನ್ನೊಂದ್ಸಲ ಹೇಳು."

"ಪ್ರಕ್ಷೇಪ. ಯಾಕಬೇ?"

"ನಾ ದಿನಾ ಅದನ್ನ ಮಾಡ್ತೀನಿ. ಮಧ್ಯಾಹ್ನದಾಗ ಒಂದು, ಸಂಜಿಗೆ ಒಂದು."

ಹಾಸಿಗೆಯ ಮೇಲೆ ಫೋನು ನೋಡುತ್ತಿದ್ದ ಗಂಡ ಈಶಪ್ಪ ನಕ್ಕ. ಪೌಡರ್ ಕೋಟಿಂಗ್ ಶಾಪಿನಲ್ಲಿ ಅವನ ಕೆಲಸ. "ಬರ್ರಿ ಸೈಂಟಿಸ್ಟ್ ಅವ್ವಾರ, ಒಂದು ಚಾ ಪ್ರಕ್ಷೇಪ ಮಾಡ್ರಿ. ಆ ಹುಡುಗಿ ಬಂದಾಗಿಂದ ಇಕಿ ಮೂಗಿನ ತುದೀಗೆ ಬೆಂಕಿ. ಆಕಿ ಕಲ್ತಾಕಿ, ಕುರ್ಚಿ ಸಿಕ್ಕದ. ನಿನಗ್ಯಾಕ ಉರಿ?"

ನೀಲಾಂಬಿಕಾ ಚಾ ಮಾಡಿದಳು. ಲೋಟ ಕೊಡುವಾಗ, "ಉರಿ ಇರಬೇಕು, ಇಲ್ಲಾಂದ್ರ ನಿಮಗ ಚಾ ಎಲ್ಲಿಂದ ಬರತದ?" ಎಂದಳು. ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು.

ಹನ್ನೆರಡನೆಯ ದಿನ ಶನಿವಾರ. ತಿಂಗಳಿಗೊಮ್ಮೆ, ಶನಿವಾರ ಸಂಜೆ ಹೊರಗೆ ಬಿಡುವ ನೀರಿನಲ್ಲಿ ಒಂದು ಬಾಟಲಿ ತುಂಬಿಡುತ್ತಾರೆ. ಸೋಮವಾರ ಅದು ಪರೀಕ್ಷೆಗೆ ಹೋಗುತ್ತದೆ. ಇದು ಆ ಶನಿವಾರ. ಅದೇ ದಿನ, ಶರಣ್ಯ ಬಂದ ಮೇಲೆ ಮೊದಲ ಸಲ, ಸುಣ್ಣದ ಬದಲು ಕಾಸ್ಟಿಕ್ ಬಂದಿತ್ತು. ಸುಣ್ಣದಿಂದ ಗಷ್ಟು ಜಾಸ್ತಿ, ಕಾಸ್ಟಿಕ್ಕಿನಿಂದ ಕಡಿಮೆ ಎಂದು ಶರಣ್ಯ ರಾಮಪ್ರಸಾದರನ್ನು ಒಪ್ಪಿಸಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಸುಣ್ಣ ಒಂದು ಮಗ್ ಹೆಚ್ಚಾದರೂ ತಡೆದುಕೊಳ್ಳುತ್ತದೆ, ಕಾಸ್ಟಿಕ್ ತಡೆದುಕೊಳ್ಳುವುದಿಲ್ಲ.

ಮೂರು ಗಂಟೆಗೆ ಶರಣ್ಯ ಮೀಟರಿನ ಅಂಕಿ ನೋಡುತ್ತ ಸುರಿಯತೊಡಗಿದಳು. ಮೋಡ ಎದ್ದಿತು. ಚೆಲುವಾದ ಮೋಡ, ಹೆಪ್ಪು ಹತ್ತುವ ಮೊಸರು. ಕೈ ನಿಲ್ಲಿಸಬೇಕಾದ ಹೊತ್ತು ಅದೇ. ನೀಲಾಂಬಿಕಾಳ ನಾಲಿಗೆಯ ತುದಿಗೆ ಮಾತು ಬಂತು.

"ಏಳೂವರೆ ಅಷ್ಟೇ ತೋರಿಸ್ತಿದೆ ಅಕ್ಕ. ಒಂಬತ್ತು ಆಗ್ಬೇಕು" ಎಂದು ಶರಣ್ಯ ಮತ್ತೊಂದು ಮಗ್ ಸುರಿದಳು. ಮತ್ತೊಂದು. ಮೋಡ ತೆಳುವಾಯಿತು, ಅಂಚು ಹರಿಯಿತು, ಹೋಯಿತು. ತಳದಲ್ಲಿ ಕಂದು ಬಣ್ಣದ ನಾಲ್ಕು ಚೂರು ಬಿಟ್ಟರೆ ಟ್ಯಾಂಕು ಕನ್ನಡಿ.

"ನೋಡಿ ಅಕ್ಕ! ಸಕ್ಕತ್ ಕ್ಲಿಯರ್! ಸುಣ್ಣದಲ್ಲಿ ಯಾವತ್ತಾದ್ರೂ ಹಿಂಗ್ ಬಂದಿತ್ತಾ?"

"ಇಲ್ರಿ ಮೇಡಂ. ಹಿಂಗ ಬಂದಿರಲಿಲ್ಲ."

ಶರಣ್ಯ ಲಾಗ್ ಪುಸ್ತಕದಲ್ಲಿ ಹೊತ್ತು, ಅಂಕಿ ಬರೆದು, ಆಪರೇಟರ್ ಎಂಬ ಕಡೆ ಸಹಿ ಹಾಕಿದಳು. ಕೂದಲು ಸರಿಮಾಡಿಕೊಳ್ಳುತ್ತ ಬ್ಯಾಗು ಎತ್ತಿಕೊಂಡಳು.

"ಅಕ್ಕ, ನಾನು ಬೇಗ ಹೋಗ್ಬೇಕು. ಹುಡುಗನ ಮನೆಯವರು ನೋಡೋಕೆ ಬರ್ತಿದ್ದಾರೆ. ಅರ್ಧ ಗಂಟೆ ಬಿಟ್ಟು ವಾಲ್ವ್ ಓಪನ್ ಮಾಡ್ಬಿಡಿ, ಬಾಟಲ್ ತುಂಬಿಡಿ." ಬಾಗಿಲ ಹತ್ತಿರ ಒಂದು ಗಳಿಗೆ ನಿಂತಳು. "ದೊಡ್ಡ ಮನೆಯಂತೆ. ಒಂಬತ್ತು ಜನ. ಸೊಸೆ ಕೆಲಸಕ್ಕೆ ಹೋಗ್ಲಿ, ಆದ್ರೆ ಬೆಳಿಗ್ಗೆ ತಿಂಡಿ ಮಾಡಿಟ್ಟು ಹೋಗ್ಲಿ ಅಂದ್ರಂತೆ. ಒಂಬತ್ತು ಜನಕ್ಕೆ ಎಷ್ಟ್ ಗಂಟೆಗೆ ಏಳ್ಬೇಕಾಗುತ್ತೆ ಅಕ್ಕ?"

"ನಾಲ್ಕಕ್ಕ" ಎಂದಳು ನೀಲಾಂಬಿಕಾ. ಹೇಳುವಾಗ ಎದೆಯೊಳಗೆ ಏನೋ ಸಿಹಿಯಾಗಿ ಇಳಿಯಿತು. ಏಳೂಕಾಲಿನ ನಿದ್ದೆ ಇನ್ನು ಅವಳಿಗೂ ಇಲ್ಲ. ಸ್ಕೂಟಿಯ ಸದ್ದು ಗೇಟು ದಾಟುವವರೆಗೂ ಆ ಸಿಹಿ ಇತ್ತು. ಆಮೇಲೆ ಬಾಯಿಯೆಲ್ಲ ಕಹಿಯಾಯಿತು.

ರಾಮಪ್ರಸಾದರು ಮಧ್ಯಾಹ್ನವೇ ಹೋಗಿದ್ದರು. ಶೆಡ್ಡಿನಲ್ಲಿ ಅವಳು, ಟ್ಯಾಂಕು, ವಾಲ್ವು.

ಕೈಗವಸು ತೆಗೆದು ಬೆರಳ ತುದಿಯನ್ನು ನೀರಿಗೆ ತಾಗಿಸಿ ಹೆಬ್ಬೆರಳಿಗೆ ಉಜ್ಜಿದಳು. ಸೋಪಿನಂತೆ ಜಾರಿತು. ಕೈ ತೊಳೆದುಕೊಂಡು, ಕಿಟಕಿಯ ಸಂದಿಯಲ್ಲಿ ಉಳಿದಿದ್ದ ಸೋಮಪ್ಪನ ಕಾಲದ ಪಿಎಚ್ ಪೇಪರಿನ ಪುಸ್ತಕದಿಂದ ಒಂದು ಪಟ್ಟಿ ಹರಿದು ಅದ್ದಿದಳು. ಕಡುನೀಲಿ. ಬಣ್ಣದ ಸಾಲಿನಲ್ಲಿ ಕ್ಷಾರದ ಕಡೆಯ ಕೊನೆಯ ಬಣ್ಣ. ಸತುವೆಲ್ಲ ಒಳಗೇ ಇತ್ತು.

ಈಗ ಅವಳು ಮಾಡಬೇಕಾದ್ದು, ಹೇಳಿದಷ್ಟನ್ನೇ. ವಾಲ್ವ್ ತಿರುಗಿಸುವುದು, ಬಾಟಲಿ ತುಂಬುವುದು. ಪುಸ್ತಕದಲ್ಲಿ ಶರಣ್ಯಳ ಸಹಿ ಇದೆ. ವಾರದೊಳಗೆ ಪರೀಕ್ಷೆಯ ಫಲಿತಾಂಶ ಬರುತ್ತದೆ. ರಾಮಪ್ರಸಾದರು ಆ ಹುಡುಗಿಯನ್ನು ಕರೆದು ಕೂಗುತ್ತಾರೆ. ಆಮೇಲೆ ಈ ಕಡೆ ತಿರುಗಿ, ಇಷ್ಟು ದಿನ ಸರಿಯಾಗೇ ಇತ್ತಲ್ಲಮ್ಮ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಷ್ಟೇ ಸ್ಪಷ್ಟವಾಗಿ ಕೇಳಿಸಿತು. ಅವಳು ವಾಲ್ವಿನ ಹಿಡಿಕೆಯ ಮೇಲೆ ಕೈ ಇಟ್ಟಳು. ತಣ್ಣಗಿತ್ತು.

ಹಿಂದಿನ ಕಿಟಕಿಯಿಂದ ಮೋರಿ ಕಾಣುತ್ತದೆ. ಅದರ ದಂಡೆಗುಂಟ ಖಾಲಿ ಸೈಟಿನಲ್ಲಿ ವೆಂಕಟಮ್ಮನ ಸೊಪ್ಪಿನ ಮಡಿ. ವೆಂಕಟಮ್ಮ ಸೀರೆ ಎತ್ತಿ ಕಟ್ಟಿ, ಮೋರಿಯಿಂದ ಡಬ್ಬದಲ್ಲಿ ನೀರು ಮೊಗೆದು ಹಾಕುತ್ತಿದ್ದಳು. ತಾನು ಬೆಳಿಗ್ಗೆ ಎರಡು ಸಲ ತೊಳೆಯುವ ಸೊಪ್ಪು. ನೂರು ಸಲ ತೊಳೆದರೂ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅದನ್ನು ಬುತ್ತಿಗೆ ಕಟ್ಟಿಕೊಂಡು ಹೋಗುವವಳು ಶಿವಗಂಗಾ.

ಕೈ ತೆಗೆದಳು. ಗವಸು, ಕನ್ನಡಕ ಹಾಕಿಕೊಂಡಳು. ಆಸಿಡ್ಡನ್ನು ದೊಡ್ಡ ಬಕೆಟ್ಟಿನ ನೀರಿಗೆ ಬೆರೆಸಿ ತೆಳು ಮಾಡಿ, ಮಗ್ ಮಗ್ ಸುರಿದು ತಿರುವಿದಳು. ಸುರಿದು ಪಟ್ಟಿ ನೋಡಿದಳು, ಮತ್ತೆ ಸುರಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟ್ಯಾಂಕಿನ ಮೂಲೆಯಲ್ಲಿ ಒಂದು ಎಳೆ ಬಿಳುಪು, ಅದರ ಹಿಂದೆ ಇನ್ನೊಂದು. ನೋಡುತ್ತಿದ್ದಂತೆ ಟ್ಯಾಂಕಿನ ತುಂಬ ಮೋಡ. ಕೈ ನಿಲ್ಲಿಸಿದಳು. ಪಾಲಿ ನೀರು ಹಾಕಿ ಸಾವಕಾಶ ತಿರುವಿದಳು. ಗಷ್ಟು ಗಂಟುಗಂಟಾಗಿ ಇಳಿಯತೊಡಗಿತು.

ಇಪ್ಪತ್ತು ನಿಮಿಷ. ಅವಳು ಶರಣ್ಯಳ ಕುರ್ಚಿಯಲ್ಲಿ ಕೂತಳು. ಫ್ಯಾನು ಹಾಕಿದಳು.

ಇನ್ನೇನು, ತಿಳಿ ಬಿಟ್ಟು, ಬಾಟಲಿ ತುಂಬಿ ಮನೆಗೆ ಹೋಗಬಹುದು. ಸೋಮವಾರ ಎಲ್ಲ ಸರಿಯಾಗಿರುತ್ತದೆ. ಹನ್ನೊಂದು ವರ್ಷ ಹೀಗೇ ನಡೆದಿದೆ: ಯಾರದೋ ಎಡವಟ್ಟು, ಇವಳ ಕೈ, ಬೆಳಗಾದ ಮೇಲೆ ಎಲ್ಲ ಸರಿ. ಮೇಲೆ ಶರಣ್ಯಳ ಸಹಿ. ಸಕ್ಕತ್ ಕ್ಲಿಯರ್.

ಲಾಗ್ ಪುಸ್ತಕವನ್ನು ಹತ್ತಿರಕ್ಕೆ ಎಳೆದಳು. ಶರಣ್ಯಳ ಸಹಿಯ ಕೆಳಗಿನ ಸಾಲು ಖಾಲಿಯಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿದ್ದರೂ ಅವಳ ಕನ್ನಡದ ಅಕ್ಷರಗಳು ಗುಂಡಗಿವೆ. ಬರೆದಳು: ನಾಲ್ಕೂವರೆ ಗಂಟೆ. ಕಾಸ್ಟಿಕ್ ಜಾಸ್ತಿಯಾಗಿ ಗಷ್ಟು ಕರಗಿತ್ತು. ಆಸಿಡ್ ಕೊಟ್ಟು ಮತ್ತೆ ಕೂರಿಸಿದ್ದೇನೆ. ಮೀಟರಿನ ಕಡ್ಡಿಗೆ ಹೆಪ್ಪಳಿಕೆ ಕಟ್ಟಿದೆ, ಸುಳ್ಳು ತೋರಿಸುತ್ತಿದೆ.

ಪೆನ್ನು ಅಲ್ಲಿ ನಿಂತಿತು. ಇಷ್ಟಕ್ಕೇ ನಿಲ್ಲಿಸಿದರೆ ತಪ್ಪು ಪೂರ್ತಿ ಶರಣ್ಯಳದು. ಆದರೆ ಆ ಕಡ್ಡಿಯನ್ನು ಎರಡು ವರ್ಷ ಯಾರು ತೊಳೆದರು ಎಂಬುದು ಎಲ್ಲೂ ಇರುವುದಿಲ್ಲ. ಅದು ಇರಬೇಕೆಂದರೆ, ಯಾರು ಬಿಟ್ಟರು ಎಂಬುದೂ ಬರಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ನಾಳಿದ್ದು ರಾಮಪ್ರಸಾದರು ಕೇಳುವ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾಳೆ. ಎರಡನ್ನೂ ಬರೆದರೆ ಕೆಲಸವೇ ಹೋಗಬಹುದು.

ಟ್ಯಾಂಕಿನ ಕಡೆ ನೋಡಿದಳು. ಗಷ್ಟು ಅರ್ಧ ಇಳಿದಿತ್ತು.

'ಈ ಕಡ್ಡಿಯನ್ನು ಎರಡು ವರ್ಷ ದಿನಾ ಬೆಳಿಗ್ಗೆ ತೊಳೆದವಳು ನಾನು. ಮುಟ್ಟಬೇಡ ಎಂದಿದ್ದಕ್ಕೆ ಹನ್ನೆರಡು ದಿನದಿಂದ ಬಿಟ್ಟಿದ್ದೇನೆ. ಹೆಪ್ಪಳಿಕೆ ಕಂಡಿದ್ದರೂ ಯಾರಿಗೂ ಹೇಳಲಿಲ್ಲ.'

ಆಪರೇಟರ್ ಎಂಬ ಕಡೆ ನೀಲಾಂಬಿಕಾ ಈಶಪ್ಪ ಎಂದು ಬರೆಯಹೊರಟವಳು, ನೀಲಾಂಬಿಕಾ ಎಂದಷ್ಟೇ ಬರೆದು ಪುಸ್ತಕ ಮುಚ್ಚಿದಳು. ಎದ್ದು ಪಟ್ಟಿ ಅದ್ದಿ ನೋಡಿ, ವಾಲ್ವ್ ತೆರೆದಳು.